ಅವರದು ಕೇಳುತ್ತೆ, ನನ್ನದು ಹೋಗಲ್ಲ

ಜೂನ್ 1, ಸೋಮವಾರ

ಇವತ್ತಿನಿಂದ ಕಾರು ಓಡಿಸುವಾಗ ಫೋನು ಕೈಯಲ್ಲಿ ಹಿಡಿಯುವಂತಿಲ್ಲ. ಡಯಾಲಿಸಿಸ್ ಕೇಂದ್ರದ ಹಿರಿಯ ನರ್ಸು ಎಲ್ಲ ಡ್ರೈವರುಗಳನ್ನೂ ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡು ಹೇಳಿದರು. ಕಿವಿಗೂ ಏನೂ ಸಿಕ್ಕಿಸಿಕೊಳ್ಳಬಾರದಂತೆ, ಹಿಂದೆ ಕೂತ ರೋಗಿ ಕರೆದರೆ ಕೇಳಿಸಬೇಕಂತೆ. ಮಾತಾಡುವುದಿದ್ದರೆ ಕಾರಿನ ಸ್ಪೀಕರಿನಲ್ಲಿ ಮಾತಾಡಬೇಕು. ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ.

ನಮ್ಮ ಕಾರಿನಲ್ಲಿ ಅದು ಇದೆ. ಅಕ್ಕ ಅದರಲ್ಲೇ ಮಾತಾಡುತ್ತಿದ್ದಳು. ಅಕ್ಕ ಮಾರ್ಚಿನಲ್ಲಿ ಹೋದಳು. ತಲೆಯೊಳಗೆ ನರ ಒಡೆಯಿತು ಎಂದರು. ಪೆಟ್ರೋಲ್ ಬಂಕಿನಲ್ಲಿ ಬಿದ್ದಾಗ ಅವಳ ಫೋನೂ ಬಿದ್ದು ಹಾಳಾಯಿತು. ಅವಳ ಸಿಮ್ಮನ್ನು ಹೊಸ ಫೋನಿಗೆ ಹಾಕಿಕೊಂಡು, ಅವಳ ಕಾರನ್ನು ಈಗ ನಾನು ಓಡಿಸುತ್ತಿದ್ದೇನೆ. ಕೇಂದ್ರದವರ ಹತ್ತಿರವೂ ರೋಗಿಗಳ ಹತ್ತಿರವೂ ಇರುವುದು ಅದೇ ನಂಬರು.

ಸಂಜೆ ಫೋನನ್ನು ಕಾರಿಗೆ ಜೋಡಿಸಿದೆ. ಜೋಡಣೆ ಆಯಿತು ಎಂದು ತೋರಿಸಿತು. ಮನೆಯೊಳಗಿದ್ದ ಅಮ್ಮನಿಗೆ ಫೋನು ಮಾಡಿದೆ. ಅಮ್ಮನ ದನಿ ಕಾರು ತುಂಬ ಕೇಳಿತು. ನನ್ನದು ಅವಳಿಗೆ ಕೇಳಲಿಲ್ಲ.

“ಇದೇನೇ, ಫೋನು ಮಾಡಿ ಸುಮ್ಮನೆ ಕೂತಿದ್ದೀಯ?” ಎಂದಳು. ಆಮೇಲೆ ಇಟ್ಟುಬಿಟ್ಟಳು.

ಊಟ ಮಾಡಿದೆ. ಇನ್ನು ಮಲಗಬೇಕು.

ಜೂನ್ 3, ಬುಧವಾರ

ಸೋಮವಾರ, ಬುಧವಾರ, ಶುಕ್ರವಾರ ನನ್ನ ಕಾರಿನಲ್ಲಿ ಬರುವವರು ಮೂವರು. ಮುಂದಿನ ಸೀಟಿನಲ್ಲಿ ಬ್ಯಾಂಕಿನವರು, ಹಿಂದೆ ಕಂಡಕ್ಟರ್ ಮಾವ ಮತ್ತು ಟೈಲರಮ್ಮ. ಬ್ಯಾಂಕಿನವರು ಬ್ಯಾಂಕಿನಿಂದ, ಕಂಡಕ್ಟರ್ ಮಾವ ಬಸ್ಸಿನಿಂದ ನಿವೃತ್ತರಾದವರು. ಟೈಲರಮ್ಮ ಇನ್ನೂ ಹೊಲಿಯುತ್ತಾರೆ. ಬೆಳಿಗ್ಗೆ ಅವರನ್ನು ಕೇಂದ್ರಕ್ಕೆ ಬಿಡಬೇಕು, ರಕ್ತ ಶುದ್ಧಿ ಮುಗಿದ ಮೇಲೆ ಮಧ್ಯಾಹ್ನ ವಾಪಸು ಮನೆಗೆ ಬಿಡಬೇಕು.

ಬೆಳಿಗ್ಗೆ ಸೇತುವೆಯ ಮೇಲಿದ್ದಾಗ ನರ್ಸಿನ ಫೋನು ಬಂತು. “ಎಲ್ಲಿದ್ದೀಯಮ್ಮ?” ಎಂದರು. ಸೇತುವೆ ಎಂದೆ. ಕೇಳಲಿಲ್ಲ. ಮತ್ತೆ ಹೇಳಿದೆ.

“ಮೈಕು ಮೇಲಿನ ಲೈಟಿನ ಪಕ್ಕ ಇರುತ್ತೆ. ಅಲ್ಲಿಗೆ ಹೇಳು,” ಎಂದರು ಬ್ಯಾಂಕಿನವರು.

ನಾನು ಲೈಟಿನ ಕಡೆ ಕತ್ತೆತ್ತಿದರೆ ರಸ್ತೆ ಕಾಣುವುದಿಲ್ಲ. ಕಂಡಕ್ಟರ್ ಮಾವ ಹಿಂದಿನಿಂದ ಎದ್ದು, “ಸೇತುವೆ, ಸೇತುವೆ, ಯಾರ್ರೀ ಸೇತುವೆ ಇಳಿಯೋರು,” ಎಂದು ಲೈಟಿಗೆ ಕೂಗಿದರು. ಟೈಲರಮ್ಮನೂ ಕೂಗಿದರು. ಬ್ಯಾಂಕಿನವರು ಮಾತ್ರ ಗಂಟಲು ಸರಿಮಾಡಿಕೊಂಡು, ಕಚೇರಿಯಲ್ಲಿ ಮಾತಾಡುವ ಹಾಗೆ, “ನಾವು ಸೇತುವೆಯ ಮೇಲಿದ್ದೇವೆ,” ಎಂದರು. ನರ್ಸು “ಈ ಹುಡುಗಿಗೆ ಏನಾಗಿದೆಯೋ” ಎಂದು ಯಾರಿಗೋ ಹೇಳುತ್ತಾ ಇಟ್ಟರು. ಅದು ನಮಗೆ ನಾಲ್ವರಿಗೂ ಕೇಳಿಸಿತು.

ಮಧ್ಯಾಹ್ನ ವಾಪಸು ಬರುವಾಗ ಅಳಿಲಿನ ಫೋನು. ಅಳಿಲು ಅಂದರೆ ಅಕ್ಕನ ಮಗಳು, ಎರಡನೇ ತರಗತಿ, ನಮ್ಮ ಮನೆಯಲ್ಲೇ ಇದ್ದಾಳೆ. ಅಕ್ಕ ಇಟ್ಟ ಹೆಸರು, ಈಗ ಎಲ್ಲರೂ ಹಾಗೇ ಕರೆಯುತ್ತಾರೆ. ಶಾಲೆಯಿಂದ ಮನೆಗೆ ಬಂದ ಕೂಡಲೇ ಅಜ್ಜಿಯ ಫೋನಿನಲ್ಲಿ, ಬಂದೆ ಎಂದು ಹೇಳುವುದು ಅವಳ ಅಭ್ಯಾಸ. ಮೊದಲು ಅಕ್ಕನಿಗೆ ಹೇಳುತ್ತಿದ್ದಳು. ಈಗ ನನಗೆ. ಬಂದೆ ಎನ್ನುತ್ತಾಳೆ, ಹೂಂ ಎನ್ನುತ್ತೇನೆ, ಇಡುತ್ತಾಳೆ.

“ಚಿಕ್ಕಿ, ಬಂದೆ.”

ಹೂಂ ಎಂದೆ.

“ಚಿಕ್ಕಿ?”

ಅವಳು ಇಡುತ್ತಾಳೆ ಎಂದುಕೊಂಡೆ. ಇಡಲಿಲ್ಲ. ಉಸಿರು ಕೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ, “ಇವತ್ತು ನಮ್ಮ ಕ್ಲಾಸಲ್ಲಿ ಮೇಲಿಂದ ಹಲ್ಲಿ ಬಿತ್ತು. ಮಿಸ್ಸು ಕುರ್ಚಿ ಹತ್ತಿ ನಿಂತ್ಕೊಂಡ್ರು. ಆಮೇಲೆ ಇಳಿಯೋಕೆ ಆಗ್ಲಿಲ್ಲ, ನಾವೇ ಕೈ ಹಿಡ್ಕೊಂಡ್ವಿ,” ಎಂದಳು. ಆಮೇಲೆ ಇಟ್ಟಳು.

ಕಂಡಕ್ಟರ್ ಮಾವ ಅವರ ಮನೆ ಬರುವವರೆಗೂ ನಗುತ್ತಿದ್ದರು.

ಜೂನ್ 5, ಶುಕ್ರವಾರ

ಬ್ಯಾಂಕಿನವರು ಕಾರಿನ ಜೊತೆ ಬಂದಿದ್ದ ಪುಸ್ತಕವನ್ನು ಮೊನ್ನೆ ಮನೆಗೆ ಕೊಂಡೊಯ್ದು ಓದಿಕೊಂಡು ಬಂದಿದ್ದರು. ಯಾವ ಯಾವ ಫೋನು ಈ ಕಾರಿಗೆ ಹೊಂದುತ್ತದೆ ಎಂದು ಅದರಲ್ಲಿ ಕೊಟ್ಟಿದೆ. ಅದರಲ್ಲಿರುವ ಒಂದು ಫೋನೂ ಈಗ ಅಂಗಡಿಯಲ್ಲಿ ಸಿಗುವುದಿಲ್ಲ ಎಂದರು.

ಅವರು ಹೇಳಿಕೊಟ್ಟಂತೆ ಮಾಡಿದೆ. ಕಾರಿನಿಂದ ಫೋನನ್ನು ಅಳಿಸಿದೆ. ಫೋನಿನಿಂದ ಕಾರನ್ನು ಅಳಿಸಿದೆ. ಎರಡನ್ನೂ ಆರಿಸಿ, ಮತ್ತೆ ಹಚ್ಚಿ, ಹೊಸಬರ ಹಾಗೆ ಪರಿಚಯ ಮಾಡಿಸಿದೆ. ಅಮ್ಮನಿಗೆ ಫೋನು ಮಾಡಿದೆ. ಅದೇ ಕಥೆ.

ನಡುವೆ ಬಿಡುವಿನಲ್ಲಿ ಕಾರಿನ ಆಡಿಯೋ ಮೇಸ್ತ್ರಿಯ ಹತ್ತಿರ ಹೋದೆ. ಅವನು ತನ್ನ ಫೋನನ್ನು ನನ್ನ ಕಾರಿಗೆ ಜೋಡಿಸಿ ಮನೆಯವಳ ಜೊತೆ ಮಾತಾಡಿದ. ಅವಳಿಗೆ ಕೇಳಿಸಿತು. ನನ್ನ ಫೋನನ್ನು ಬೇರೆ ಕಾರಿಗೆ ಜೋಡಿಸಿ ಮಾತಾಡಿದ. ಅದೂ ಕೇಳಿಸಿತು.

“ಕಾರೂ ಸರಿ ಇದೆ, ಫೋನೂ ಸರಿ ಇದೆ. ಗಂಡನೂ ಒಳ್ಳೆಯವನು, ಹೆಂಡ್ತಿನೂ ಒಳ್ಳೆಯವಳು, ಸಂಸಾರ ಮಾತ್ರ ಆಗ್ತಿಲ್ಲ ಅನ್ನೋ ಹಾಗೆ ಇದು. ಬೇರೆ ಫೋನು ತಗೊಂಡುಬಿಡಿ.”

ಸರಿ ಎಂದೆ. ತೆಗೆದುಕೊಳ್ಳುವುದಿಲ್ಲ, ಇದೇ ಹೊಸದು.

ಮಧ್ಯಾಹ್ನ ಅಳಿಲು ಫೋನು ಮಾಡಿ, “ಚಿಕ್ಕಿ, ನಿನ್ನ ದನಿ ಬರಲ್ಲ ಅಂತ ಅಜ್ಜಿ ಹೇಳಿದ್ಲು. ಪರವಾಗಿಲ್ಲ. ಕೊನೇಲಿ ನಾನೇ ಇಡ್ತೀನಿ,” ಎಂದಳು. ಒಂದು ನಾಯಿ ಕಸದ ಗಾಡಿಯಲ್ಲಿ ಮಲಗಿಕೊಂಡು ಊರು ಸುತ್ತಿತಂತೆ. ಅದರ ವಿಷಯವನ್ನೇ ತುಂಬ ಹೊತ್ತು ಹೇಳಿದಳು.

ರಾತ್ರಿ ಊಟಕ್ಕೆ ಕೂತಾಗ ಅವಳು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅಮ್ಮ ಬಡಿಸಿದಳು.

ಜೂನ್ 7, ಭಾನುವಾರ

ಭಾವ ಬಂದಿದ್ದರು. ಅವರ ಕಾರ್ಖಾನೆ ಬೇರೆ ಊರಲ್ಲಿ. ಅಲ್ಲೇ ಒಂದು ಕೋಣೆಯಲ್ಲಿದ್ದಾರೆ, ಭಾನುವಾರ ಮಗಳನ್ನು ನೋಡಲು ಬರುತ್ತಾರೆ. ಊಟ ಆದ ಮೇಲೆ ಕೈ ತೊಳೆದುಕೊಂಡು ಬಂದು, ಅಳಿಲು ಹೊರಗೆ ಇದ್ದಾಳೆಯೇ ಎಂದು ನೋಡಿ, ಹೇಳಿದರು.

“ನಮ್ಮಕ್ಕನ ಜೊತೆ ಮಾತಾಡಿದೀನಿ. ಈ ತಿಂಗಳ ಕೊನೇಗೆ ಅಳಿಲನ್ನ ಅವಳ ಮನೆಗೆ ಕರ್ಕೊಂಡು ಹೋಗ್ತೀನಿ. ಶಾಲೆಗೂ ಅಲ್ಲೇ ಸೇರಿಸ್ತೀನಿ. ಅಲ್ಲಿ ಮಕ್ಕಳಿದಾವೆ, ಗಲಾಟೆ ಇದೆ. ಇಲ್ಲಿ ಮನೆ ಮಾತೇ ಆಡಲ್ಲ. ನನ್ನ ಜೊತೆ ಅವಳು ಬೆಳಗಿಂದ ನಾಲ್ಕು ಮಾತಾಡಿಲ್ಲ. ಹೀಗೇ ಬಿಟ್ರೆ ಮಗು ಮೂಗಿ ಆಗ್ತಾಳೆ.”

ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು.

“ನೀನೇನಂತೀಯ?” ಎಂದು ನನ್ನನ್ನು ಕೇಳಿದರು.

“ನಿಮ್ಮಿಷ್ಟ,” ಎಂದೆ.

ಪಾತ್ರೆ ತೊಳೆದೆ. ಕಾರಿನ ಸೀಟುಗಳನ್ನು ಒರೆಸಿದೆ. ಹಿಂದಿನ ಎಡಗಡೆ ಟೈರಿನಲ್ಲಿ ಗಾಳಿ ಕಡಿಮೆ ಇದೆ.

ಜೂನ್ 8, ಸೋಮವಾರ

ಗಾಳಿ ಹಾಕಿಸಿದೆ.

ಜೂನ್ 10, ಬುಧವಾರ

ಈಗ ಮಧ್ಯಾಹ್ನ ಸೇತುವೆ ಬರುವ ಹೊತ್ತಿಗೆ ಮೂವರೂ ಮಾತು ನಿಲ್ಲಿಸುತ್ತಾರೆ. ರಕ್ತ ಶುದ್ಧಿ ಆದ ಮೇಲೆ ವಾಪಸು ಬರುವಾಗ ಟೈಲರಮ್ಮ ಸಾಮಾನ್ಯವಾಗಿ ನಿದ್ದೆ ಹೋಗುತ್ತಿದ್ದರು. ಈಗ ಅಳಿಲಿನ ಫೋನು ಬಂದು ಹೋಗುವವರೆಗೆ ಎದ್ದಿರುತ್ತಾರೆ.

ಇವತ್ತು ಅವಳ ಪಕ್ಕದಲ್ಲಿ ಕೂರುವ ಹುಡುಗಿಯ ವಿಷಯ. ಆ ಹುಡುಗಿ ಕೈ ಮುರಿದುಕೊಂಡು ಬಿಳಿ ಪಟ್ಟಿ ಹಾಕಿಸಿಕೊಂಡಿದ್ದಾಳೆ. ಎಲ್ಲರೂ ಅದರ ಮೇಲೆ ಹೆಸರು ಬರೆದರಂತೆ. ಅಳಿಲಿಗೆ ಜಾಗ ಸಿಗಲಿಲ್ಲವಂತೆ. “ಅವಳು ಹೇಳಿದ್ಲು, ಇನ್ನೊಂದು ಕೈ ಮುರ್ಕೊಂಡಾಗ ಮೊದಲು ನಿನಗೇ ಕೊಡ್ತೀನಿ ಅಂತ. ಒಳ್ಳೇ ಹುಡುಗಿ ಅಲ್ವಾ ಚಿಕ್ಕಿ?”

“ಒಳ್ಳೇ ಹುಡುಗಿ,” ಎಂದರು ಟೈಲರಮ್ಮ, ಲೈಟಿಗೆ.

“ಅಲ್ಲಿಗೆ ಹೋಗಲ್ಲಮ್ಮ ನಿಮ್ಮ ಮಾತು,” ಎಂದರು ಕಂಡಕ್ಟರ್ ಮಾವ.

“ಗೊತ್ತು ಸುಮ್ನಿರಿ. ಕೇಳಿದ್ಮೇಲೆ ಹೇಳಬೇಕಲ್ವಾ.”

ಅವಳು ಇಟ್ಟ ಮೇಲೆ ಟೈಲರಮ್ಮ ಮುಂದಕ್ಕೆ ಬಾಗಿ ನನ್ನ ಭುಜ ಮುಟ್ಟಿದರು. “ಪಕ್ಕಕ್ಕೆ ನಿಲ್ಲಿಸಿ, ಫೋನು ಕೈಗೆ ತಗೊಂಡು ಎರಡು ಮಾತಾಡಬಾರದಾ ತಾಯಿ? ನಿಲ್ಲಿಸಿದ್ರೆ ನರ್ಸಮ್ಮ ಏನೂ ಅನ್ನಲ್ಲ.”

“ಹೊತ್ತಾಗುತ್ತೆ,” ಎಂದೆ.

“ಯಾರಿಗೆ? ನಮ್ಮನ್ನ ಯಾರು ಕಾಯ್ತಾ ಕೂತಿದ್ದಾರೆ ಹೊಸಿಲಲ್ಲಿ?”

ಗೇರು ಬದಲಿಸಿದೆ. ಅಳಿಲು ಊರು ಬಿಟ್ಟು ಹೋಗುವ ವಿಷಯ ಇವರಿಗೆ ಹೇಳಿಲ್ಲ.

ಜೂನ್ 12, ಶುಕ್ರವಾರ

ಅಳಿಲಿನ ಹಲ್ಲು ಅಲ್ಲಾಡುತ್ತಿದೆಯಂತೆ. ಮನೆಯಲ್ಲಿ ನೋಡಿದೆ, ಹೌದು. ನಾನು ನೋಡುತ್ತಿರುವುದು ಗೊತ್ತಾಗಿ ಬಾಯಿ ಮುಚ್ಚಿಕೊಂಡಳು.

ಜೂನ್ 17, ಬುಧವಾರ

ನರ್ಸು ಕರೆದು ಕೂರಿಸಿಕೊಂಡರು. ಇನ್ನೊಬ್ಬ ಡ್ರೈವರು ಬೇರೆ ಕಾರು ತರುತ್ತೇನೆ ಎಂದು ಬಂದು ಹೋಗಿದ್ದಾನಂತೆ.

“ನಿನ್ನ ಅಕ್ಕನ ಮುಖ ನೋಡಿ ಇಷ್ಟು ದಿನ ಸುಮ್ನಿದ್ದೀನಿ. ದಾರೀಲಿ ಯಾರಿಗಾದ್ರೂ ತಲೆ ಸುತ್ತಿದ್ರೆ ನಾನು ಫೋನಲ್ಲಿ ಏನು ಮಾಡಬೇಕು ಅಂತ ಹೇಳ್ತೀನಿ, ನೀನು ಏನಾಗಿದೆ ಅಂತ ಹೇಳಬೇಕು. ನೀನು ಹೇಳಿದ್ದು ನನಗೆ ಬರದಿದ್ರೆ? ನಿನಗೆ ಅರ್ಥ ಆಗುತ್ತಲ್ವಾ?”

ಹೂಂ ಎಂದೆ. ಅವರು ಒಂದು ಫೋನಿನ ಅಂಗಡಿ ಹೇಳಿದರು. ಅಲ್ಲೊಬ್ಬಾಕೆ ಇದ್ದಾಳೆ, ಇಂಥದ್ದಕ್ಕೆಲ್ಲ ಕೈ ಹಾಕುತ್ತಾಳೆ ಎಂದರು.

ಮಧ್ಯಾಹ್ನ ಅಳಿಲು ಫೋನಿನಲ್ಲಿ ಒಂದು ಹಾಡಿನ ಅರ್ಧ ಹೇಳಿದಳು. ಉಳಿದ ಅರ್ಧ ಟೀಚರು ಇನ್ನೂ ಕಲಿಸಿಲ್ಲವಂತೆ. ಕಂಡಕ್ಟರ್ ಮಾವ ಸೀಟಿನ ಮೇಲೆ ಬೆರಳಲ್ಲಿ ತಾಳ ಹಾಕಿದರು. ಬ್ಯಾಂಕಿನವರು ಕಿಟಕಿ ಏರಿಸಿದರು, ಗಾಳಿಯ ಸದ್ದು ಅಡ್ಡ ಬರಬಾರದೆಂದು.

ಜೂನ್ 18, ಗುರುವಾರ

ಫೋನಿನ ಅಂಗಡಿಯಾಕೆ ಅಮ್ಮನ ವಯಸ್ಸಿನವರು. ಎರಡು ಕನ್ನಡಕ. ಒಂದು ಹಣೆಯ ಮೇಲೆ, ಒಂದು ಮೂಗಿನ ಮೇಲೆ. ಅಂಗಡಿ ಬಾಗಿಲಿಗೇ ಕಾರು ತರಿಸಿ, ಒಳಗೆ ನನ್ನ ಪಕ್ಕದಲ್ಲಿ ಕೂತರು.

“ಏನು ತೊಂದರೆ?”

“ಅವರದು ಕೇಳುತ್ತೆ, ನನ್ನದು ಹೋಗಲ್ಲ.”

“ಮೆಲ್ಲಗೆ ಹೇಳಿದ್ರೆ ನನಗೂ ಬರಲ್ಲ. ಜೋರಾಗಿ ಹೇಳು.”

ಮತ್ತೆ ಹೇಳಿದೆ. ಅವರು ಫೋನಿನೊಳಗೆ ಕಾರಿನ ಹೆಸರು ಹುಡುಕಿ, ಅದರ ಪಕ್ಕದ ಚಕ್ರದ ಗುರುತು ಒತ್ತಿದರು. ಕರೆ ಎಂಬಲ್ಲಿ ಹಸಿರು ಇದೆಯೇ ಎಂದು ನೋಡಿದರು, ಇತ್ತು. ಮೈಕು ಬಳಸಲು ಅನುಮತಿ ಇದೆಯೇ ಎಂದು ನೋಡಿದರು, ಇತ್ತು. ಹೊಸ ತಂತ್ರಾಂಶ ಹಾಕಿದರು. ಅದು ಇಳಿಯುವವರೆಗೆ ತಮ್ಮ ಸೊಸೆಯ ವಿಷಯ ಹೇಳಿದರು. ಆಮೇಲೆ ಅದೇ ಪುಟದಲ್ಲಿ ಕೆಳಗೆ ಎಚ್‌ಡಿ ದನಿ ಎಂದಿದ್ದ ಗುಂಡಿಯನ್ನು ಆಫ್ ಮಾಡಿದರು.

“ಇದೇ ಇರಬೇಕು. ನಿನ್ನ ಫೋನು ಹೊಸದು, ದನೀನ ಹೊಸ ರೀತೀಲಿ ತುಂಬ ಚೆನ್ನಾಗಿ ಕಳಿಸೋಕೆ ಹೋಗುತ್ತೆ. ಕಾರು ಹಳೇದು, ಅದಕ್ಕೆ ಆ ಭಾಷೆ ಬರಲ್ಲ. ಆಫ್ ಮಾಡಿದ್ರೆ ದನಿ ಸ್ವಲ್ಪ ಒರಟಾಗುತ್ತೆ, ಡಬ್ಬದೊಳಗಿಂದ ಮಾತಾಡಿದ ಹಾಗೆ. ಆದ್ರೆ ಹೋಗುತ್ತೆ. ಯಾರಿಗಾದ್ರೂ ಮಾಡು.”

ಅಮ್ಮನಿಗೆ ಮಾಡಿದೆ. “ಹಲೋ,” ಎಂದೆ.

“ಕೇಳ್ತಾ ಇದೆ ಕಣೇ. ಏನು ಬೇಕು?” ಎಂದಳು ಅಮ್ಮ.

ಏನೂ ಬೇಡ ಎಂದೆ.

ಜೂನ್ 19, ಶುಕ್ರವಾರ

ನರ್ಸು ಬೆಳಿಗ್ಗೆ ಫೋನು ಮಾಡಿದರು. ಮಾತಾಡಿದೆ. ಸಂತೋಷ ಎಂದರು.

ಮಧ್ಯಾಹ್ನ ಸೇತುವೆ ದಾಟುವ ಮೊದಲೇ ಅಳಿಲು.

“ಚಿಕ್ಕಿ, ಬಂದೆ. ಇವತ್ತು ಏನಾಯ್ತು ಗೊತ್ತಾ, ನಮ್ಮ—”

“ಹೂಂ,” ಎಂದೆ.

ಅವಳು ನಿಲ್ಲಿಸಿದಳು. ಅಮ್ಮ ಹಿಂದೆ ನಲ್ಲಿ ತಿರುಗಿಸಿದ ಸದ್ದು ಬಂತು.

“ದನಿ ಬಂತಾ?”

“ಬಂತು.”

“ಹೂಂ,” ಎಂದು ಇಟ್ಟಳು.

ಕಂಡಕ್ಟರ್ ಮಾವ ಇಳಿಯುವಾಗ, “ಏನಾಯ್ತಂತೆ?” ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ.

ಜೂನ್ 22, ಸೋಮವಾರ

“ಬಂದೆ.”

“ಹೂಂ. ಏನು ಸಮಾಚಾರ?” ಟೈಲರಮ್ಮ ಹಿಂದಿನಿಂದ ಪಿಸುಗುಟ್ಟಿ ಹೇಳಿಕೊಟ್ಟ ಮಾತು ಅದು.

“ಏನಿಲ್ಲ.”

“ಊಟ ಆಯ್ತಾ ಅಂತ ಕೇಳು,” ಎಂದು ಮತ್ತೆ ಟೈಲರಮ್ಮ.

“ಊಟ ಆಯ್ತಾ?”

“ಆಯ್ತು. ಇಡ್ಲಾ?”

ಇಟ್ಟಳು. ಬ್ಯಾಂಕಿನವರು ಕನ್ನಡಕ ತೆಗೆದು ಒರೆಸಿದರು. ಕಂಡಕ್ಟರ್ ಮಾವ, “ಆ ಅಂಗಡಿಯಾಕೆ ಎಲ್ಲಿದ್ಲೋ ನಮ್ಮ ಪಾಲಿಗೆ. ಚೆನ್ನಾಗಿ ಓಡ್ತಿದ್ದ ಗಾಡಿ ರಿಪೇರಿ ಮಾಡಿ ನಿಲ್ಲಿಸಿದ್ಲು. ಒಂದು ಕೆಲಸ ಮಾಡು ಮಗಳೇ, ಮತ್ತೆ ಕೆಡಿಸಿಬಿಡು,” ಎಂದರು.

“ಹುಚ್ಚು ಮಾತು,” ಎಂದರು ಬ್ಯಾಂಕಿನವರು. ಸ್ವಲ್ಪ ದೂರ ಹೋದ ಮೇಲೆ, “ಒಂದು ದಿನದ ಮಟ್ಟಿಗೆ ಮಾಡಿದರೆ ತಪ್ಪೇನಿಲ್ಲ,” ಎಂದರು.

ಜೂನ್ 24, ಬುಧವಾರ

ಇವತ್ತು ಮಧ್ಯಾಹ್ನ ಕೇಂದ್ರದ ಅಂಗಳದಲ್ಲೇ ಎಚ್‌ಡಿ ಗುಂಡಿಯನ್ನು ಮತ್ತೆ ಹಚ್ಚಿದೆ. ಮೂವರಿಗೂ ಹೇಳಲಿಲ್ಲ. ಹೇಳದಿದ್ದರೂ ಅವರಿಗೆ ಗೊತ್ತಾಯಿತು ಎಂದು ಕಾಣುತ್ತದೆ, ಯಾರೂ ನನ್ನ ಕಡೆ ನೋಡಲಿಲ್ಲ.

ಸೇತುವೆ ಹತ್ತುವಾಗ ಫೋನು ಬಂತು.

“ಚಿಕ್ಕಿ, ಬಂದೆ.”

ನಾನು ಹೂಂ ಎಂದೆ.

“ಚಿಕ್ಕಿ? ಮತ್ತೆ ಕೆಟ್ಟೋಯ್ತಾ?” ಅವಳ ದನಿಯಲ್ಲಿ ಖುಷಿ ಇತ್ತು. ಕುರ್ಚಿ ಎಳೆದುಕೊಂಡ ಸದ್ದು. “ಹಲ್ಲು ಬಿತ್ತು. ಶುಕ್ರವಾರವೇ ಬಿತ್ತು, ಅವತ್ತೇ ಹೇಳೋಕೆ ಬಂದಿದ್ದೆ. ಜೇಬಲ್ಲಿ ಇಟ್ಕೊಂಡಿದ್ದೆ, ಎಲ್ಲೋ ಹೋಯ್ತು. ನಾಲಿಗೆ ಇಟ್ರೆ ಉಪ್ಪುಪ್ಪು.”

ಕಂಡಕ್ಟರ್ ಮಾವ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಅವಳು ಹಾಡಿನ ಉಳಿದ ಅರ್ಧ ಹೇಳಿದಳು. ಆಮೇಲೆ ಹೇಳಿದಳು:

“ಭಾನುವಾರ ಅಪ್ಪ ಬರ್ತಾರೆ. ನನ್ನ ಬಟ್ಟೆ ಎಲ್ಲ ಅಜ್ಜಿ ಒಗೆದಿಟ್ಟಿದ್ದಾಳೆ. ನಾನು ಅತ್ತೆ ಮನೆಗೆ ಹೋಗಲ್ಲ. ಅಜ್ಜಿಗೆ ಹೇಳಿದ್ರೆ ಅಳ್ತಾಳೆ. ಅಪ್ಪನಿಗೆ ಹೇಳಿದ್ರೆ ಬೇಜಾರ್ ಮಾಡ್ಕೋತಾರೆ. ನಿನಗೆ ಹೇಳೋಣ ಅಂದ್ರೆ ನೀನು ಏನೂ ಅನ್ನಲ್ಲ.” ಕುರ್ಚಿ ಕಿರುಗುಟ್ಟಿತು. “ಅಪ್ಪ ಕೇಳಿದಾಗ ನೀನು ನಿಮ್ಮಿಷ್ಟ ಅಂದ್ಯಂತೆ. ಅಜ್ಜಿ ಪಕ್ಕದ ಮನೆಯವರಿಗೆ ಹೇಳ್ತಿದ್ಲು. ನಾನು ನಿನಗೆ ಬೇಡ್ವಾ ಚಿಕ್ಕಿ?”

ಬೇಕು ಎಂದೆ. ಹೋಗಲಿಲ್ಲ. ಬೇಕು, ಬೇಕು ಎಂದೆ. ಹೋಗುವುದಿಲ್ಲ ಎಂದು ಗೊತ್ತಿತ್ತು, ನಾನೇ ಹಚ್ಚಿದ ಗುಂಡಿ. ಸೇತುವೆಯ ಮೇಲೆ ನಿಲ್ಲಿಸುವಂತಿಲ್ಲ, ಹಿಂದೆ ಲಾರಿಗಳು. ಬ್ಯಾಂಕಿನವರು ಲೈಟಿನ ಹತ್ತಿರಕ್ಕೆ ಮುಖ ಒಯ್ದು, “ಬೇಕು ಅಂತಿದ್ದಾಳಮ್ಮ,” ಎಂದರು. ಅಷ್ಟು ಜೋರಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ಸರಿ, ಇಡ್ತೀನಿ,” ಎಂದಳು ಅಳಿಲು.

ಸೇತುವೆ ಇಳಿದ ಮೇಲೆ ಒಂದು ಟೈರಿನ ಅಂಗಡಿ. ಅದರ ಮುಂದೆ ನಿಲ್ಲಿಸಿ, ಇಂಜಿನ್ನು ಆರಿಸಿ, ಫೋನು ಕೈಗೆ ತೆಗೆದುಕೊಂಡೆ. ಅಮ್ಮ ಎತ್ತಿದಳು. ಅವಳಿಗೆ ಕೊಡು ಎಂದೆ. ಅವಳು ಹಿತ್ತಿಲಿಗೆ ಹೋಗಿದ್ದಾಳೆ ಎಂದಳು. ಕರಿ ಎಂದೆ. ಆಮೇಲೆ ಹೇಳ್ತೀನಿ ಬಿಡು ಎಂದಳು. “ಈಗಲೇ ಕರಿ ಅಮ್ಮ,” ಎಂದೆ. ಟೈರಿನ ಅಂಗಡಿಯವನು ತಿರುಗಿ ನೋಡಿದ.

“ಏನು?” ಎಂದಳು ಅಳಿಲು.

“ನಾನು ಕೇಳಿಸ್ಕೊಂಡೆ.”

“ಎಷ್ಟು?”

“ಎಲ್ಲಾ. ಹಲ್ಲಿನಿಂದ.”

ಮೂಗು ಎಳೆದ ಸದ್ದು ಬಂತು.

“ಬೇಕು,” ಎಂದೆ.

“ಏನು ಬೇಕು?”

“ನೀನು. ನೀನು ನನಗೆ ಬೇಕು. ಎಲ್ಲಿಗೂ ಹೋಗಬೇಡ. ನಿಮ್ಮಪ್ಪನಿಗೆ ನಾನು ಹೇಳ್ತೀನಿ.”

“ಹೂಂ,” ಎಂದಳು. ಇಡಲಿಲ್ಲ. ನಾನೂ ಇಡಲಿಲ್ಲ. ಆಮೇಲೆ ಅಮ್ಮನೇ ಫೋನು ಕಿತ್ತುಕೊಂಡು ಏನಾಯ್ತೇ ಎಂದು ಕೇಳಿದಳು.

ಗುಂಡಿಯನ್ನು ಮತ್ತೆ ಆಫ್ ಮಾಡಿ ಗಾಡಿ ತೆಗೆದೆ. ಮೂವರನ್ನೂ ತಡವಾಗಿ ಬಿಟ್ಟೆ. ಟೈಲರಮ್ಮ ಇಳಿಯುವಾಗ, “ಭಾನುವಾರ ಅವರ ಮುಂದೆ ನಿಮ್ಮಿಷ್ಟ ಅಂದ್ರೆ ನೋಡು ಮತ್ತೆ. ನಿನ್ನ ಕಾರು ಹತ್ತೋರು ನಾವಲ್ಲ,” ಎಂದರು.

ಜೂನ್ 26, ಶುಕ್ರವಾರ

ಭಾವನಿಗೆ ಏನು ಹೇಳಬೇಕು ಎಂದು ಬೆಳಗಿನಿಂದ ಯೋಚಿಸಿದೆ. ಬರೆದು ನೋಡಿದರೆ ಎರಡು ಸಾಲು ಆಗುತ್ತದೆ. ಕಂಡಕ್ಟರ್ ಮಾವ ತಾವೇ ಭಾವ ಆಗಿ ಹಿಂದಿನ ಸೀಟಿನಲ್ಲಿ ಗತ್ತಿನಿಂದ ಕೂತು, “ನೀನೇನಂತೀಯ?” ಎಂದು ಕೇಳಿದರು. ನಾನು ಹೇಳಿದೆ. “ಟಿಕೆಟ್ ಕೇಳೋ ಹಾಗಿದೆ. ಸ್ವಲ್ಪ ಗಟ್ಟಿಯಾಗಿ,” ಎಂದರು. ಮತ್ತೆ ಹೇಳಿದೆ.

ಅಳಿಲು ಫೋನು ಮಾಡಿ ಬಂದೆ ಎಂದಳು. ಶಾಲೆಯ ಗಂಟೆ ಕೆಟ್ಟಿದೆಯಂತೆ, ಜವಾನ ತಟ್ಟೆ ಬಡಿಯುತ್ತಾನಂತೆ. ಊಟದ ತಟ್ಟೆಯೋ ಎಂದು ಕೇಳಿದೆ. ಅಲ್ಲ, ಕಬ್ಬಿಣದ್ದು ಎಂದಳು. ಅಷ್ಟೇ ಮಾತು.

ಜೂನ್ 28, ಭಾನುವಾರ

ಭಾವ ದೊಡ್ಡ ಚೀಲ ತಂದಿದ್ದರು, ಖಾಲಿ. ಅದನ್ನು ಬಾಗಿಲ ಹತ್ತಿರ ಇಟ್ಟರು. ಅವರು ಕೂರುವ ಮೊದಲೇ ಹೇಳಿಬಿಟ್ಟೆ. ಕೂತ ಮೇಲೆ ಹೇಳೋಣ ಅಂದುಕೊಂಡಿದ್ದರೆ ಆಗುತ್ತಿರಲಿಲ್ಲ.

“ಅಳಿಲು ಹೋಗೋದು ಬೇಡ ಭಾವ.”

“ಅವತ್ತು ನಿಮ್ಮಿಷ್ಟ ಅಂದೆ.”

“ಅವತ್ತು ಅಂದೆ. ಇವತ್ತು ಬೇಡ ಅಂತಿದ್ದೀನಿ.”

ಅವರು ಅಮ್ಮನ ಕಡೆ ನೋಡಿದರು. ಅಮ್ಮ ನನ್ನ ಕಡೆ ನೋಡುತ್ತಿದ್ದಳು.

“ನೋಡು, ನಿನ್ನ ಮೇಲೆ ನನಗೆ ಕೋಪ ಇಲ್ಲ. ಬೆಳಿಗ್ಗೆ ಹೋದ್ರೆ ಸಂಜೆ ಬರ್ತೀಯ. ನಿಮ್ಮಮ್ಮನಿಗೆ ಮಂಡಿ ನೋವು. ಮಗು ಯಾರ ಜೊತೆ ಮಾತಾಡಬೇಕು?”

“ನನ್ನ ಜೊತೆ.”

“ನೀನು ಮಾತಾಡಿದ್ದು ಯಾರು ಕೇಳಿದ್ದಾರೆ?”

ಹೇಳಲು ಅಂದುಕೊಂಡಿದ್ದ ಎರಡು ಸಾಲು ಮುಗಿದಿತ್ತು. ಅದಕ್ಕೆ ಗೊತ್ತಿದ್ದದ್ದನ್ನು ಹೇಳಿದೆ. ಹಲ್ಲಿ ಬಿದ್ದದ್ದು, ಮಿಸ್ಸು ಕುರ್ಚಿಯಿಂದ ಇಳಿಯಲಾಗದೆ ನಿಂತದ್ದು, ಪಕ್ಕದ ಹುಡುಗಿಯ ಕೈಪಟ್ಟಿಯಲ್ಲಿ ಹೆಸರಿಗೆ ಜಾಗ ಸಿಗದೇ ಇದ್ದದ್ದು, ನಾಯಿ ಊರು ಸುತ್ತಿದ್ದು. ಹಾಡು ಹಾಡಲು ಬರುವುದಿಲ್ಲ, ಅದರ ಮಾತು ಹೇಳಿದೆ. ಬಿದ್ದ ಹಲ್ಲು ಜೇಬಿನಿಂದ ಕಳೆದುಹೋದದ್ದನ್ನೂ ಹೇಳಿದೆ. ಆ ಶಾಲೆಯಿಂದ, ಆ ಹುಡುಗಿಯಿಂದ ಅವಳನ್ನು ಈಗ ಕೀಳಬೇಡಿ, ಅವಳು ಮಾತಾಡುತ್ತಾಳೆ, ತುಂಬ ಮಾತಾಡುತ್ತಾಳೆ, ನಮಗೇ ಕೇಳಲು ಬರಲಿಲ್ಲ ಎಂದೆ. ಗಂಟಲು ಒಣಗಿ ನೀರು ಕುಡಿದೆ.

ಭಾವ ಬಾಗಿಲಿಗೆ ಒರಗಿ ನಿಂತೇ ಇದ್ದರು. “ಇದೆಲ್ಲ ನಿನಗೆ ಯಾರು ಹೇಳಿದ್ರು?”

“ಅವಳೇ.”

“ನನಗೆ ಒಂದೂ ಹೇಳಿಲ್ಲ,” ಎಂದರು. ಆಮೇಲೆ ಮೆಲ್ಲಗೆ, “ನಿನಗೆ ಭಾರ ಆಗ್ತಿದೆ ಅಂದ್ಕೊಂಡಿದ್ದೆ ನಾನು. ಅವಳ ಹೆಸರು ತೆಗೆದ್ರೆ ನೀನು ಎದ್ದು ಪಾತ್ರೆ ತೊಳೆಯೋಕೆ ಹೋಗ್ತಿದ್ದೆ,” ಎಂದರು.

ಅಳಿಲನ್ನು ಕರೆದರು. ಅವಳು ಒಳಗಿನ ಕೋಣೆಯ ಬಾಗಿಲ ಹಿಂದೆಯೇ ಇದ್ದಳು. ಎಲ್ಲಿರ್ತೀಯ ಎಂದು ಕೇಳಿದರು.

“ಇಲ್ಲಿ,” ಎಂದಳು.

ಭಾವ ಅವರ ಅಕ್ಕನಿಗೆ ಫೋನು ಮಾಡಲು ಹೊರಗೆ ಹೋದರು. ತುಂಬ ಹೊತ್ತು ಗೇಟಿನ ಹತ್ತಿರ ನಿಂತು ಮಾತಾಡಿದರು. ಒಳಗೆ ಬಂದು, “ಬಯ್ದಳು. ಬಯ್ಯಲಿ,” ಎಂದರು. ಊಟಕ್ಕೆ ಕೂತರು. ಹೋಗುವಾಗ ಚೀಲವನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಅಳಿಲಿನ ಬಟ್ಟೆಗಳನ್ನು ಮತ್ತೆ ಕಪಾಟಿನಲ್ಲಿ ಇಟ್ಟೆ. ಎರಡು ಲಂಗ ಗಿಡ್ಡವಾಗಿವೆ.

ಜೂನ್ 29, ಸೋಮವಾರ

ಬೆಳಿಗ್ಗೆ ಮೂವರಿಗೂ ನಿನ್ನೆಯ ಕಥೆ ಹೇಳಿ ಮುಗಿಸುವ ಮೊದಲೇ ಕೇಂದ್ರ ಬಂದುಬಿಟ್ಟಿತ್ತು. ಉಳಿದದ್ದನ್ನು ಮಧ್ಯಾಹ್ನ ಹೇಳಿದೆ. ಕಂಡಕ್ಟರ್ ಮಾವ ಸ್ವಲ್ಪ ಉಸಿರು ತಗೋ ಎಂದರು.

ಭಾವ ಫೋನು ಮಾಡಿದ್ದರು, ಕಾರಿನಲ್ಲಿದ್ದಾಗಲೇ. ಅಳಿಲು ತಮ್ಮ ಜೊತೆಯೂ ಹಾಗೆ ಮಾತಾಡಬೇಕಾದರೆ ಏನು ಕೇಳಬೇಕು ಎಂದರು. ಏನೂ ಕೇಳಬೇಡಿ, ಸುಮ್ಮನೆ ಹಿಡ್ಕೊಂಡಿರಿ, ಇಡಬೇಡಿ ಎಂದೆ. ಬ್ಯಾಂಕಿನವರು ತಲೆ ಆಡಿಸಿದರು.

ಆಮೇಲೆ ಅಳಿಲಿನ ಫೋನು. “ಚಿಕ್ಕಿ, ಬಂದೆ. ಬಯ್ಯಲ್ಲ ಅಂದ್ರೆ ಒಂದು ಹೇಳ್ತೀನಿ.”

“ಏನು ಮಾಡಿದೆ?”

“ಮೊದಲು ಬಯ್ಯಲ್ಲ ಅನ್ನು.”

“ಏನು ಮಾಡಿದೆ ಹೇಳು.”

ಹಣೆಯ ಮೇಲಿನ ಕೂದಲನ್ನು ತಾನೇ ಕತ್ತರಿಸಿಕೊಂಡಿದ್ದಾಳೆ, ಶಾಲೆಯಲ್ಲಿ, ಕಾಗದ ಕತ್ತರಿಸುವ ಕತ್ತರಿಯಿಂದ. ಬಯ್ದೆ. ಹಿಂದೆ ಕೂತವರಿದ್ದಾರೆ ಎಂಬುದು ನೆನಪಿಗೆ ಬರಲಿಲ್ಲ. ನಡುವೆ ನರ್ಸಿನ ಫೋನು ಬಂದು ಬೀಪ್ ಬೀಪ್ ಎನ್ನುತ್ತಿತ್ತು, ಅವರಿಗೆ ಆಮೇಲೆ ಮಾಡಿದೆ.

“ಫೋನಲ್ಲಿ ಬಯ್ಯಬೇಡ, ಇಲ್ಲಿ ಎಲ್ಲ ಒರಟು ಒರಟಾಗಿ ಕೇಳುತ್ತೆ. ಮನೆಗೆ ಬಂದು ಬಯ್ಯಿ,” ಎಂದಳು.

ಮನೆಗೆ ಬಂದು ಬಯ್ದೆ. ಬಯ್ಯುತ್ತಾ ಅವಳನ್ನು ಕನ್ನಡಿಯ ಮುಂದೆ ಕೂರಿಸಿ ಸರಿಮಾಡಲು ಹೋದೆ. ಎಡಗಡೆ ಸರಿಮಾಡಿದರೆ ಬಲಗಡೆ ಉದ್ದ ಆಯಿತು, ಬಲಗಡೆ ಕತ್ತರಿಸಿದರೆ ಅದು ಇನ್ನೂ ಮೇಲೆ ಹೋಯಿತು. ಕೊನೆಗೆ ಹಣೆಯ ಮೇಲೆ ಬೆರಳಗಲ ಉಳಿಯಿತು. ಅವಳು ಕನ್ನಡಿ ನೋಡಿ ಅಳಲು ಶುರುಮಾಡಿದಳು. ಅವಳ ಅಕ್ಕಪಕ್ಕ ನೆಲದ ಮೇಲೆ ಕೂದಲು ಬಿದ್ದಿತ್ತು. ನಾನೂ ಅತ್ತೆ. ನಿಲ್ಲಿಸೋಣ ಎಂದರೆ ಆಗಲಿಲ್ಲ. ಕತ್ತರಿ ಕೈಯಲ್ಲೇ ಇತ್ತು, ಅಮ್ಮ ಬಂದು ಅದನ್ನು ತೆಗೆದುಕೊಂಡಳು. ಅಳಿಲು ಅಳು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

“ಬೆಳೆಯುತ್ತೆ ಚಿಕ್ಕಿ. ಬೇಗ ಬೆಳೆಯುತ್ತೆ,” ಎಂದಳು.

“ಅಳಲಿ ಬಿಡು, ಮಾರ್ಚಿನಿಂದ ಬಾಕಿ ಇದೆ ಅವಳಿಗೆ,” ಎಂದಳು ಅಮ್ಮ.

ಇಲ್ಲ, ಕೂದಲು ಹಾಳಾಯಿತಲ್ಲ ಎಂದು ಅತ್ತದ್ದು ಎಂದೆ.

ನಾಳೆ ಅವಳನ್ನು ಟೈಲರಮ್ಮನ ಹತ್ತಿರ ಕರೆದುಕೊಂಡು ಹೋಗಬೇಕು. ಕತ್ತರಿ ಹಿಡಿದರೆ ಅವರ ಕೈ ನೇರ. ಲಂಗಗಳನ್ನೂ ತೆಗೆದುಕೊಂಡು ಹೋಗುತ್ತೇನೆ, ಅಂಚು ಬಿಡಿಸಿಕೊಡುತ್ತಾರೆ.